ಬೆಳಿಗ್ಗೆ ಹತ್ತೂವರೆಗೆ ನನ್ನ ಮಾಡೆಲ್ ರೈಲು ತಾನಾಗಿ ನಿಲ್ಲುತ್ತದೆ, ಯಾರಿಗಾದರೂ ಕಾರಣ ಗೊತ್ತುಂಟಾ?

ಕುಳಾಯಿ ಲೂಪ್‌ಲೈನ್ | ಜನವರಿ 19, ರಾತ್ರಿ 11:50

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಈಗ ತಲೆ ಕೆಟ್ಟು ಬರೆಯುತ್ತಿದ್ದೇನೆ.

ನಮ್ಮದು ಕುಳಾಯಿಯಲ್ಲಿ ಹಳೇ ಹಂಚಿನ ಮನೆ. ಚಾವಡಿ ಪಕ್ಕದ ಕೋಣೆಯಲ್ಲಿ ಅಜ್ಜನ ಕಾಲದಲ್ಲಿ ಅಕ್ಕಿಮುಡಿ ಇಡುತ್ತಿದ್ದರಂತೆ. ಈಗ ಅಲ್ಲಿ ರೈಲು ಉಂಟು. 8 ಅಡಿ ಉದ್ದ, 4 ಅಡಿ ಅಗಲದ ಒಂದು ಇಡೀ ಪ್ಲೈವುಡ್ ಶೀಟು. ಎಚ್‌ಒ ಸ್ಕೇಲು, ಅಂದರೆ ನಿಜದ ಗಾಡಿಯ 87ರಲ್ಲಿ ಒಂದು ಪಾಲು. ಹಳಿ ಅಗಲ 16.5 ಮಿ.ಮೀ. ಸುತ್ತ ಒಂದು ಮೇನ್ ಲೈನ್, ಎದುರಿಗೆ ಒಂದು ಲೂಪ್, ನಡುವೆ ಪ್ಲಾಟ್‌ಫಾರ್ಮ್. ಕೊಂಕಣ ರೈಲ್ವೆಯ ಯಾವುದಾದರೂ ಸಣ್ಣ ಸ್ಟೇಷನ್ ನೆನಪಿಸಿಕೊಳ್ಳಿ. ಒಂದು ಗಾಡಿ ಲೂಪಿನಲ್ಲಿ ಕಾಯಬೇಕು, ಇನ್ನೊಂದು ದಾಟಿ ಹೋಗಬೇಕು. ನನಗೆ ಬೇಕಾದದ್ದು ಅಷ್ಟೇ.

ನಡೆಸುವುದು ಆರ್ಡುಯಿನೋ ಮೆಗಾ ಅನ್ನುವ ಸಣ್ಣ ಕಂಪ್ಯೂಟರ್ ಬೋರ್ಡು. ಅದರ ಮೇಲೆ ಹಳಿಗೆ ಕರೆಂಟು ಕೊಡುವ ಮೋಟಾರ್ ಶೀಲ್ಡ್, ಒಳಗೆ ರೈಲು ನಡೆಸುವ ಡಿಸಿಸಿ-ಇಎಕ್ಸ್ ಪ್ರೋಗ್ರಾಮು. ಗಾಡಿಯ ಹಳಿ ಬದಲಿಸುವ ಎರಡು ಪಾಯಿಂಟ್‌ಗಳಿಗೆ ಎಸ್‌ಜಿ90 ಸರ್ವೋ ಮೋಟಾರು. ಮೂರು ಕಡೆ ಗಾಡಿ ಬಂದದ್ದನ್ನು ಹಿಡಿಯುವ ಐಆರ್ (ಇನ್‌ಫ್ರಾರೆಡ್) ಸೆನ್ಸರ್. ಮುಂದಿನ ಬ್ಲಾಕಿನಲ್ಲಿ, ಅಂದರೆ ಹಳಿಯ ಮುಂದಿನ ತುಂಡಿನಲ್ಲಿ, ಗಾಡಿ ಉಂಟು ಎಂದು ಸೆನ್ಸರ್ ಹೇಳಿದರೆ ಹಿಂದಿನದು ನಿಲ್ಲಬೇಕು. ಸೆನ್ಸರ್ ಹಾಕಿದ್ದು ಡಿಸೆಂಬರ್ ಮೊದಲ ವಾರ. ಒಂದು ತಿಂಗಳು ಚೆಂದ ಓಡಿತು.

ಈಗ ನೋಡಿ. ಬೆಳಿಗ್ಗೆ ಹತ್ತೂವರೆ ಆಸುಪಾಸು ಓಡುತ್ತಿದ್ದ ಗಾಡಿ ಹಿಂಬದಿಯ ತಿರುವಿಗೆ ಮೊದಲು ಬಂದು ನಿಲ್ಲುತ್ತದೆ. ಹಳಿ ತಪ್ಪಿಲ್ಲ, ಶಾರ್ಟ್ ಇಲ್ಲ. ಎಂಜಿನ್ನಿನ ಲೈಟು ಉರಿಯುತ್ತಲೇ ಇರುತ್ತದೆ. ಇಪ್ಪತ್ತು ಇಪ್ಪತ್ತೈದು ನಿಮಿಷ ಬಿಟ್ಟು ಯಾರೂ ಮುಟ್ಟದೆ ತಾನೇ ಹೊರಡುತ್ತದೆ. ಸಂಕ್ರಾಂತಿ ಕಳೆದ ಮೇಲೆ ಶುರುವಾದದ್ದು. ನನಗೆ ಸೆಕೆಂಡ್ ಶಿಫ್ಟ್, ಬೆಳಿಗ್ಗೆ ಮನೆಯಲ್ಲಿರುತ್ತೇನೆ, ಹಾಗಾಗಿ ದಿನಾ ನೋಡುತ್ತಿದ್ದೇನೆ. ರಾತ್ರಿ ಎಷ್ಟು ಓಡಿಸಿದರೂ ಏನೂ ಆಗುವುದಿಲ್ಲ. ಡ್ರೈವರ್ ಚಾ ಕುಡಿಯಲಿಕ್ಕೆ ಇಳಿದಿರಬೇಕು ಅಂತ ಅಮ್ಮ ಹೇಳುತ್ತಾರೆ.

ಪಡೀಲ್ ಪಾಯಿಂಟ್ಸ್‌ಮನ್ | ಜನವರಿ 20, ಬೆಳಿಗ್ಗೆ 6:15

ವಯರು ನೋಡಿ ಮಾರಾಯ್ರೆ. ಮೊದಲು ವಯರು, ಆಮೇಲೆ ಪ್ರೋಗ್ರಾಮು. ನಾನು ಮನೆ ವಯರಿಂಗ್ ಮಾಡಿ ಮೂವತ್ತು ವರ್ಷ ಊಟ ಮಾಡಿದವನು. ಹತ್ತರಲ್ಲಿ ಎಂಟು ಸಲ ತಪ್ಪು ಇರುವುದು ಅಲ್ಲೇ.

ಕಂಟ್ರೋಲ್ ಬೋರ್ಡಿನಿಂದ ಅತಿ ದೂರದ ಹಳಿಗೆ ಹೋಗಿ. ಒಂದು ಐದು ರೂಪಾಯಿ ನಾಣ್ಯ ಎರಡೂ ಹಳಿಗೆ ಅಡ್ಡ ಇಡಿ. ಆ ಕ್ಷಣಕ್ಕೆ ಪವರ್ ಕಟ್ ಆಗಬೇಕು. ನಾಣ್ಯ ತೆಗೆದರೆ ವಾಪಸ್ ಬರಬೇಕು. ಹೀಗೆ ಪ್ರತಿ ಎರಡು ಅಡಿಗೆ ಒಮ್ಮೆ. ಎಲ್ಲಿಯಾದರೂ ಕಟ್ ಆಗದೆ ನಾಣ್ಯ ಬಿಸಿ ಆಗುತ್ತಾ ಕೂತರೆ ಅಲ್ಲಿಗೆ ಹೋಗುವ ವಯರು ಸಪೂರ ಅಂತ ಲೆಕ್ಕ. ನಿಜದ ಶಾರ್ಟ್ ಆದ ದಿನ ಅಲ್ಲೇ ನಿಮ್ಮ ಬೋಗಿಯ ಚಕ್ರ ಕರಗುತ್ತದೆ.

ನೀವು ಯಾವ ವಯರು ಹಾಕಿದ್ದೀರಿ ಅಂತ ಬರೆಯಲೇ ಇಲ್ಲ. ಬೆಲ್ ವಯರು ಅಂತ ಮಾತ್ರ ಹೇಳಬೇಡಿ.

ಐದು ವೋಲ್ಟ್ ಮಣಿಪಾಲ | ಜನವರಿ 20, ಬೆಳಿಗ್ಗೆ 8:40

ಸರ್, ನಾಣ್ಯದ ಪರೀಕ್ಷೆ ಎಲ್ಲರೂ ಮಾಡಲೇಬೇಕು. ಆದರೆ ಅಣ್ಣ ಬರೆದದ್ದರಲ್ಲಿ ಒಂದು ಮಾತು ಗಮನಿಸಿ. ಎಂಜಿನ್ನಿನ ಲೈಟು ಉರಿಯುತ್ತಲೇ ಇದೆ. ಅಂದರೆ ಹಳಿಯಲ್ಲಿ ಕರೆಂಟು ಇದೆ, ಬೋರ್ಡು ರೀಸೆಟ್ ಆಗಿಲ್ಲ. ಗಾಡಿ ಕೆಟ್ಟು ನಿಂತದ್ದಲ್ಲ, ಯಾರೋ ನಿಲ್ಲು ಅಂತ ಹೇಳಿ ನಿಲ್ಲಿಸಿದ್ದು.

ಹತ್ತೂವರೆಗೆ ನಮ್ಮ ಕಡೆಯ ಮನೆಗಳಲ್ಲಿ ಏನಾಗುತ್ತದೆ? ಮಿಕ್ಸಿ. ಮಧ್ಯಾಹ್ನದ ಪದಾರ್ಥಕ್ಕೆ ತೆಂಗಿನಕಾಯಿ ಮಸಾಲೆ ರುಬ್ಬುವ ಹೊತ್ತು. ಮಿಕ್ಸಿಯ ಮೋಟಾರಿನಲ್ಲಿ ಬ್ರಷ್ ಕಿಡಿ ಹಾರುತ್ತದೆ, ಅದರ ನಾಯ್ಸ್ ಉದ್ದುದ್ದ ಸೆನ್ಸರ್ ವಯರಿಗೆ ಹತ್ತುತ್ತದೆ. ಆರ್ಡುಯಿನೋದಲ್ಲಿ ಆ ವಯರು ಸೇರುವ ಪಿನ್ ಸುಳ್ಳು ಹೇಳುತ್ತದೆ. ಲ್ಯಾಪ್‌ಟಾಪ್ ಕಟ್ಟಿ, ಬೋರ್ಡು ಹೇಳುವುದನ್ನು ತೋರಿಸುವ ಸೀರಿಯಲ್ ಮಾನಿಟರ್ ನೋಡಿ, ಯಾವ ಸೆನ್ಸರ್ ಆನ್ ತೋರಿಸುತ್ತದೆ ಅಂತ ಬರೆಯಿರಿ.

ಕುಳಾಯಿ ಲೂಪ್‌ಲೈನ್ | ಜನವರಿ 21, ರಾತ್ರಿ 12:05

ಪಡೀಲ್ ಸರ್, ಬೆಲ್ ವಯರೇ. ಬೈಯಬೇಡಿ.

ನಾಣ್ಯ ಇಟ್ಟು ನೋಡಿದೆ. ಬೋರ್ಡಿನ ಹತ್ತಿರ ಟಕ್ ಅಂತ ಕಟ್ ಆಯಿತು. ಹಿಂಬದಿ ಮೂಲೆಯಲ್ಲಿ ಕಟ್ ಆಗಲೇ ಇಲ್ಲ. ಐದು ಸೆಕೆಂಡ್ ಬಿಟ್ಟು ತೆಗೆಯಲು ಹೋದರೆ ಬೆರಳಿಗೆ ಚುರುಕ್ ಅಂದಿತು. ನಾಳೆಯೇ ಹಂಪನಕಟ್ಟೆಗೆ ಹೋಗಿ ಮನೆಗೆ ಹಾಕುವ 1.5 ಸ್ಕ್ವೇರ್ ಎಂಎಂ ವಯರು ತಂದು ಬೋರ್ಡಿನಡಿ ಉದ್ದಕ್ಕೆ ಎಳೆಯುತ್ತೇನೆ. ಪ್ರತಿ ಮೂರು ಅಡಿಗೆ ಹಳಿಗೆ ಒಂದು ಬೆಸುಗೆ. ಇಷ್ಟು ದಿನ ಹಳಿ ಜೋಡಿಸುವ ಫಿಶ್‌ಪ್ಲೇಟನ್ನೇ ನಂಬಿ ಕೂತಿದ್ದೆ.

ಮೇಡಂ, ಮಿಕ್ಸಿ ಹೌದು. ಅಮ್ಮ ಸರಿಯಾಗಿ ಹತ್ತೂಕಾಲು ಹತ್ತೂವರೆಗೆ ರುಬ್ಬುವುದು. ನೀವು ಹೇಳಿದ್ದೇ ಇರಬೇಕು.

ಹ್ವಾಯ್ ಕುಂದಾಪ್ರ | ಜನವರಿ 21, ಬೆಳಿಗ್ಗೆ 9:20

ಹ್ವಾಯ್, ನಡುವೆ ಬಾಯಿ ಹಾಕಿದೆ, ಬೇಜಾರು ಮಾಡಬೇಡಿ. ನಾನು ಇನ್ನೂ ಶುರು ಮಾಡಿಲ್ಲ. ಮಗನಿಗೆ ಏಪ್ರಿಲ್ ರಜೆಗೆ ಮಾಡಿಕೊಡಬೇಕು ಅಂತ. ಮಗನಿಗೆ ಅಂತ ಹೇಳುವುದು ಅಷ್ಟೇ. ಈ ಡಿಸಿ, ಡಿಸಿಸಿ ಅಂದರೆ ಎಂಥದು? ಒಂದು ಬ್ಯಾಟರಿ, ಒಂದು ರೆಗ್ಯುಲೇಟರ್ ಸಾಕಾಗುವುದಿಲ್ವಾ?

ಪಡೀಲ್ ಪಾಯಿಂಟ್ಸ್‌ಮನ್ | ಜನವರಿ 21, ಮಧ್ಯಾಹ್ನ 2:30

ಸಾಕಾಗುತ್ತದೆ. ನಾನು ಇವತ್ತಿಗೂ ಡಿಸಿ. 12 ವೋಲ್ಟ್ ಅಡಾಪ್ಟರ್, ಒಂದು ಮೋಟಾರ್ ಡ್ರೈವರ್, ಒಂದು ಆರ್ಡುಯಿನೋ, ತಿರುಗಿಸಲಿಕ್ಕೆ ಒಂದು ನಾಬ್. ಹಳಿಗೆ ಎಷ್ಟು ವೋಲ್ಟ್ ಕೊಡುತ್ತೀರೋ ಎಂಜಿನ್ ಅಷ್ಟು ಓಡುತ್ತದೆ. ಪ್ಲಸ್ ಮೈನಸ್ ಅದಲು ಬದಲು ಮಾಡಿದರೆ ಹಿಂದೆ ಹೋಗುತ್ತದೆ. ಒಂದೇ ಗಾಡಿ ಓಡಿಸುವವನಿಗೆ ಇದಕ್ಕಿಂತ ಸುಖ ಇಲ್ಲ.

ಮೋಟಾರ್ ಡ್ರೈವರ್‌ಗೆ ಎಲ್298ಎನ್ ಬೋರ್ಡ್ ಎಲ್ಲ ಕಡೆ ಸಿಗುತ್ತದೆ, ಆದರೆ ಅದೊಂದು ಹೊಟ್ಟೆಬಾಕ. 12 ವೋಲ್ಟ್ ಕೊಟ್ಟರೆ ಎರಡು ವೋಲ್ಟಿನಷ್ಟು ತಾನೇ ತಿಂದು ಬಿಸಿ ಆಗುತ್ತದೆ. ಮತ್ತೊಂದು ವಿಷಯ. ವೇಗ ಹೊಂದಿಸಲು ಆರ್ಡುಯಿನೋ ಊನೋ ಕೊಡುವ ಪಿಡಬ್ಲ್ಯೂಎಂ, ಅಂದರೆ ಕರೆಂಟನ್ನು ಬೇಗ ಬೇಗ ಆನ್ ಆಫ್ ಮಾಡುವುದು, ಹೆಚ್ಚಿನ ಪಿನ್ನುಗಳಲ್ಲಿ ಸೆಕೆಂಡಿಗೆ 490 ಸಲ. ಎಂಜಿನ್ನು ನಿಂತಲ್ಲೇ ಸೊಳ್ಳೆಯ ಹಾಗೆ ಗುಂಯ್ ಅನ್ನುತ್ತದೆ. 9 ಮತ್ತು 10ನೇ ಪಿನ್ನಿನ ಟೈಮರ್ ಬದಲಿಸಿ 20,000ಕ್ಕಿಂತ ಮೇಲೆ ತಂದರೆ ನಮ್ಮ ಕಿವಿಗೆ ಕೇಳುವುದಿಲ್ಲ.

ಎರಡು ಗಾಡಿ ಒಂದೇ ಹಳಿಯಲ್ಲಿ ಬೇಕು ಅಂದರೆ ಮಾತ್ರ ಡಿಸಿ ತಕರಾರು ಮಾಡುತ್ತದೆ. ಹಳಿಗೆ ಕರೆಂಟು ಕೊಟ್ಟರೆ ಎರಡೂ ಓಡುತ್ತವೆ. ಹಳಿ ತುಂಡು ಮಾಡಿ, ಪ್ರತಿ ತುಂಡಿಗೆ ಬೇರೆ ಸ್ವಿಚ್ ಹಾಕಬೇಕು. ಡಿಸಿಸಿ ಹೇಗೆ ಅಂತ ಮಣಿಪಾಲದವರು ಹೇಳಲಿ, ನಾನು ಹೇಳಿದರೆ ಪಕ್ಷಪಾತ ಆಗುತ್ತದೆ.

ಐದು ವೋಲ್ಟ್ ಮಣಿಪಾಲ | ಜನವರಿ 21, ಸಂಜೆ 7:10

ಮದುವೆ ಹಾಲಿನಲ್ಲಿ ಮೈಕ್ ಹಿಡಿದು ಇಂಥ ನಂಬರಿನ ಕಾರು ಅಡ್ಡ ಇದೆ, ತೆಗೆಯಿರಿ ಅಂತ ಕೂಗುತ್ತಾರಲ್ವಾ? ಕೇಳುವುದು ಎಲ್ಲರಿಗೂ, ಏಳುವುದು ಆ ಕಾರಿನವರು ಮಾತ್ರ. ಡಿಸಿಸಿ ಅಷ್ಟೇ.

ಹಳಿಯಲ್ಲಿ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ, ಎಚ್‌ಒಗೆ ಸಾಮಾನ್ಯವಾಗಿ 12ರಿಂದ 15. ಆದರೆ ಪ್ಲಸ್ ಮೈನಸ್ ಒಂದೇ ಸಮನೆ ಅದಲು ಬದಲಾಗುತ್ತಾ ಇರುತ್ತದೆ. ಆ ಬದಲಾವಣೆಯ ಹೊತ್ತೇ ಅಕ್ಷರ. ಅರ್ಧ ಸುತ್ತು 58 ಮೈಕ್ರೋಸೆಕೆಂಡ್ ಆದರೆ 1, ನೂರು ಅಥವಾ ಜಾಸ್ತಿ ಆದರೆ 0. ಎಂಜಿನ್ನಿನ ಹೊಟ್ಟೆಯೊಳಗೆ ಡಿಕೋಡರ್ ಅಂತ ಚಿಕ್ಕ ಬೋರ್ಡು. ತನ್ನ ನಂಬರ್ ಕೇಳಿದರೆ ಹೇಳಿದಂತೆ ಮಾಡುತ್ತದೆ, ಬೇರೆಯವರ ನಂಬರ್ ಆದರೆ ಸುಮ್ಮನಿರುತ್ತದೆ. ಲೈಟು, ಹಾರ್ನ್ ಎಲ್ಲ ಬೇರೆ ಬೇರೆ ಮಾಡಬಹುದು.

ನನ್ನ ಪೆದ್ದುತನ ಒಂದು ಹೇಳಿಬಿಡುತ್ತೇನೆ. ಹೊಸ ಡಿಕೋಡರ್ ಎಲ್ಲ 3ನೇ ನಂಬರಿನಲ್ಲಿ ಬರುತ್ತವೆ. ನಾನು ಎರಡು ಹೊಸ ಎಂಜಿನ್ ಎದುರುಬದುರು ಇಟ್ಟು, ನಂಬರ್ ಬದಲಿಸಲು ಮರೆತು, ಒಂದಕ್ಕೆ ಮುಂದೆ ಹೋಗು ಅಂದೆ. ಎರಡೂ ಹೊರಟವು. ಬಫರ್ ಮುರಿದ ಎಂಜಿನ್ ಈಗಲೂ ಶೋಕೇಸಿನಲ್ಲಿದೆ.

ಕುಂದಾಪುರದವರಿಗೆ ಇನ್ನೊಂದು ಮಾತು. ಮೋಟಾರ್ ಶೀಲ್ಡಿಗೆ 12 ವೋಲ್ಟಿಗಿಂತ ಜಾಸ್ತಿ ಕೊಡುವುದಿದ್ದರೆ ಶೀಲ್ಡಿನ ಅಡಿಯಲ್ಲಿರುವ, ಆರ್ಡುಯಿನೋಗೆ ಕರೆಂಟು ಒಯ್ಯುವ ವಿನ್ ಜಾಡು ಕತ್ತರಿಸಲೇಬೇಕು. ಇಲ್ಲದಿದ್ದರೆ ಅಷ್ಟೂ ವೋಲ್ಟೇಜ್ ಕೆಳಗಿನ ಆರ್ಡುಯಿನೋಗೆ ನುಗ್ಗುತ್ತದೆ. ರೆಗ್ಯುಲೇಟರ್ ಮುಟ್ಟಿದರೆ ಬೆರಳು ಸುಡುತ್ತದೆ, ಆಮೇಲೆ ಒಂದು ವಾಸನೆ ಬರುತ್ತದೆ. ಆ ವಾಸನೆ ಬಂದ ಮೇಲೆ ಮಾಡಲಿಕ್ಕೆ ಏನೂ ಉಳಿದಿರುವುದಿಲ್ಲ.

57 ಸುರಂಗ | ಜನವರಿ 22, ಬೆಳಿಗ್ಗೆ 7:55

ಕುಳಾಯಿಯವರೇ, ಎಲ್ಲ ಸರಿ, ಆದರೆ ಸಪಾಟು ಹಳಿ ಯಾಕೆ? ಘಾಟಿ ಮಾಡಿ! ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ 55 ಕಿ.ಮೀ., 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಎರಡು ಸುರಂಗ, ಒಂದು ಸೇತುವೆ ಆದರೂ ಇರಲಿ. ಹಳಿಯ ಮೇಲೆ ಹಳಿ ದಾಟಿಸಿ. ನೋಡಲಿಕ್ಕೆ ಎಂಥ ಚೆಂದ!

ಪಡೀಲ್ ಪಾಯಿಂಟ್ಸ್‌ಮನ್ | ಜನವರಿ 22, ಮಧ್ಯಾಹ್ನ 1:15

ಚೆಂದವೇ. ಲೆಕ್ಕ ಹಾಕುವ ಬನ್ನಿ.

ಆ ಘಾಟಿಯ ಏರು 50ಕ್ಕೆ 1. ಅಂದರೆ ಒಂದು ಮೀಟರ್ ಹೋದರೆ ಎರಡು ಸೆಂಟಿಮೀಟರ್ ಮೇಲೆ. ಕೆಳಗಿನ ಗಾಡಿ ಮೇಲಿನ ಹಳಿಗೆ ತಾಗದೆ ಹೋಗಬೇಕಾದರೆ ಎಚ್‌ಒದಲ್ಲಿ ಏಳೂವರೆ ಸೆಂಟಿಮೀಟರ್ ಆದರೂ ಬೇಕು. ಹತ್ತಲಿಕ್ಕೆ ಮೂರು ಮುಕ್ಕಾಲು ಮೀಟರ್, ಇಳಿಯಲಿಕ್ಕೆ ಅಷ್ಟೇ. ಒಟ್ಟು ಏಳೂವರೆ. 8 ಅಡಿ 4 ಅಡಿ ಶೀಟಿನಲ್ಲಿ ಒಂದು ಸುತ್ತು ಆರು ಮೀಟರೂ ಬರುವುದಿಲ್ಲ. ಏರು 25ಕ್ಕೆ 1 ಮಾಡಿದರೆ ಜಾಗ ಸಾಕು, ಆದರೆ ತಿರುವಿನಲ್ಲಿ ನಾಲ್ಕು ಬೋಗಿ ಎಳೆಯುವ ಎಂಜಿನ್ನಿನ ಚಕ್ರ ಅಲ್ಲೇ ಜಾರುತ್ತದೆ. ನಿಜದ ಘಾಟಿಯಲ್ಲಿ ಹಿಂದಿನಿಂದ ಬ್ಯಾಂಕರ್ ಎಂಜಿನ್ ಕಟ್ಟಿ ತಳ್ಳುವುದು ಸುಮ್ನೆ ಅಲ್ಲ.

ಉದ್ದವೂ ಹಾಗೆಯೇ. ಹೊಸ ಎಲ್‌ಎಚ್‌ಬಿ ಬೋಗಿ ಹತ್ತಿರ ಹತ್ತಿರ 23.5 ಮೀಟರ್. ಎಚ್‌ಒದಲ್ಲಿ 27 ಸೆಂಟಿಮೀಟರ್. ಇಪ್ಪತ್ತೆರಡು ಬೋಗಿ ಇಟ್ಟರೆ ಆರು ಮೀಟರ್, ಗಾಡಿ ತನ್ನ ಬಾಲವನ್ನೇ ಮೂಸುತ್ತದೆ. ಮೂರೋ ನಾಲ್ಕೋ ಬೋಗಿ ಇಟ್ಟು ಇದೇ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಅಂತ ಮನಸ್ಸಿಗೆ ಹೇಳಿಕೊಳ್ಳಬೇಕು. ಅಥವಾ ರೋರೋ ಮಾಡಿ. ಸುರತ್ಕಲ್‌ನಲ್ಲಿ ಲಾರಿಗಳನ್ನು ಚಪ್ಪಟೆ ವ್ಯಾಗನ್ನಿನ ಮೇಲೆ ಹತ್ತಿಸಿ ಕಳಿಸುತ್ತಾರಲ್ಲ, ಅದು ಐದು ವ್ಯಾಗನ್ ಇದ್ದರೂ ಚೆಂದವೇ. ಕುಳಾಯಿಯವರಿಗೆ ಮನೆ ಬಾಗಿಲಿನ ವಿಷಯ.

57 ಸುರಂಗ | ಜನವರಿ 22, ಮಧ್ಯಾಹ್ನ 1:40

ಸರ್, ನೀವು ಸ್ವಲ್ಪ ಕನಸು ಕಾಣಲಿಕ್ಕೂ ಬಿಡುವುದಿಲ್ಲ 😄 ಎನ್ ಸ್ಕೇಲಿನಲ್ಲಿ ಮಾಡುತ್ತೇನೆ ಹಾಗಾದರೆ. 160ರಲ್ಲಿ ಒಂದು ಪಾಲು, 9 ಮಿ.ಮೀ. ಹಳಿ. ಅಷ್ಟೇ ಶೀಟಿನಲ್ಲಿ ಘಾಟಿ ಬರುತ್ತದೆ.

ಪಡೀಲ್ ಪಾಯಿಂಟ್ಸ್‌ಮನ್ | ಜನವರಿ 22, ಮಧ್ಯಾಹ್ನ 1:52

ಬರುತ್ತದೆ. ನನ್ನ ಕಣ್ಣಿಗೆ ಕಾಣುವುದಿಲ್ಲ, ನಿಮಗೆ ಕಂಡರೆ ಸಾಕು.

ಕುಳಾಯಿ ಲೂಪ್‌ಲೈನ್ | ಜನವರಿ 24, ರಾತ್ರಿ 11:30

ವರದಿ ಒಪ್ಪಿಸುತ್ತೇನೆ.

ಹೊಸ ವಯರು ಎಳೆದಾಯಿತು. ಈಗ ನಾಣ್ಯ ಎಲ್ಲಿ ಇಟ್ಟರೂ ಟಕ್. ಗಾಡಿ ಹಿಂಬದಿ ತಿರುವಿನಲ್ಲಿ ನಿಧಾನ ಆಗುತ್ತಿದ್ದದ್ದು ಪೂರಾ ಹೋಯಿತು. ಪಡೀಲ್ ಸರ್‌ಗೆ ದೊಡ್ಡ ನಮಸ್ಕಾರ.

ಆದರೆ ಹತ್ತೂವರೆ ಹೋಗಲಿಲ್ಲ.

ಲ್ಯಾಪ್‌ಟಾಪ್ ಕಟ್ಟಿ ಕೂತೆ. ನಿಂತಾಗ ನೋಡಿದರೆ 2ನೇ ಸೆನ್ಸರ್ ಆನ್. ಅಲ್ಲಿ ಗಾಡಿ ಇಲ್ಲ, ಎಂಥದೂ ಇಲ್ಲ. ಜೇಡರ ಬಲೆ ಇರಬಹುದಾ ಅಂತ ಬ್ರಷ್ ಹಾಕಿ ಉಜ್ಜಿದೆ. ಸೆನ್ಸರ್ ಹಾಳಾಗಿದೆ ಅಂತ ಹೊಸದು ಹಾಕಿದೆ. ಮರುದಿನ 10:32ಕ್ಕೆ ಹೊಸದೂ ಆನ್.

ಮಿಕ್ಸಿ ಅಲ್ಲ. ಶುಕ್ರವಾರ ಅಮ್ಮ ಕಟೀಲಿಗೆ ಹೋಗಿದ್ದರು. ಮಿಕ್ಸಿ ಇಲ್ಲ, ಫ್ಯಾನ್ ಇಲ್ಲ, ಮನೆಯಲ್ಲಿ ನಾನೊಬ್ಬನೇ. ಆದರೂ ನಿಂತಿತು. ಇವತ್ತು ಶನಿವಾರ ಅಮ್ಮ ಮಿಕ್ಸಿ ಹಾಕಿದರು, ಜೊತೆಗೆ ಗ್ರೈಂಡರೂ. ಗಾಡಿ ನಿಲ್ಲಲೇ ಇಲ್ಲ! ಬೆಳಿಗ್ಗೆಯಿಂದ ಮೋಡ, ಸೆಕೆ. ಮೆದುಳು ನಿಂತದ್ದು ನನ್ನದು.

ಹ್ವಾಯ್ ಕುಂದಾಪ್ರ | ಜನವರಿ 25, ಬೆಳಿಗ್ಗೆ 6:50

ನನಗೆ ನಿಮ್ಮ ಪಿನ್ನು ಗಿನ್ನು ಗೊತ್ತಿಲ್ಲ. ಒಂದು ಕೇಳುತ್ತೇನೆ. ಹಂಚಿನ ಮನೆ ಅಂದಿರಲ್ಲ, ಆ ಕೋಣೆಗೆ ಗಾಜಿನ ಹಂಚು ಉಂಟಾ?

ನಮ್ಮ ಹಳೇ ಮನೆಯ ಅಡುಗೆಮನೆಗೆ ಒಂದು ಇತ್ತು. ಅದರಿಂದ ಬಿಸಿಲಿನ ತುಂಡೊಂದು ನೆಲಕ್ಕೆ ಬೀಳುತ್ತಿತ್ತು. ಅಜ್ಜಿ ಗಡಿಯಾರ ನೋಡುತ್ತಿರಲಿಲ್ಲ. ಬಿಸಿಲು ಒರಳುಕಲ್ಲಿನ ಹತ್ತಿರ ಬಂದರೆ ಅಕ್ಕಿ ತೊಳೆಯುವ ಹೊತ್ತು, ಬಾಗಿಲಿನ ದಾರಂದದ ಹತ್ತಿರ ಹೋದರೆ ಊಟದ ಹೊತ್ತು. ಮೋಡದ ದಿನ ಮಾತ್ರ ಗಂಟೆ ಎಷ್ಟಾಯ್ತು ಅಂತ ನಮ್ಮನ್ನು ಕೇಳುತ್ತಿದ್ದರು. ನಿಮ್ಮ ರೈಲೂ ಮೋಡದ ದಿನ ಸರಿ ಇತ್ತು ಅಂದಿರಿ, ಅದಕ್ಕೆ ನೆನಪಾಯಿತು.

ಐದು ವೋಲ್ಟ್ ಮಣಿಪಾಲ | ಜನವರಿ 25, ಬೆಳಿಗ್ಗೆ 7:05

ಅಯ್ಯೋ ದೇವರೇ. ಹೌದು!

ಅಣ್ಣ, ಸೆನ್ಸರ್ ಹೇಗೆ ಇಟ್ಟಿದ್ದೀರಿ? ಸ್ಲೀಪರ್ ನಡುವೆ ತೂತು ಕೊರೆದು ಮೇಲೆ ನೋಡುವ ಹಾಗೆ ಇಟ್ಟಿದ್ದರೆ ಬೇರೆ ಏನೂ ಹುಡುಕಬೇಡಿ.

ಆ ಐಆರ್ ಮಾಡ್ಯೂಲಿನಲ್ಲಿ ಎರಡು ಕಣ್ಣು. ಬಿಳಿಯದು ಕಣ್ಣಿಗೆ ಕಾಣದ ಬೆಳಕು ಬಿಡುತ್ತದೆ, ಕಪ್ಪು ಕಣ್ಣು ಬೋಗಿಯ ತಳಕ್ಕೆ ಬಡಿದು ವಾಪಸ್ ಬಂದದ್ದನ್ನು ಹಿಡಿಯುತ್ತದೆ. ನೀಲಿ ಪೆಟ್ಟಿಗೆಯ ಸ್ಕ್ರೂ ತಿರುಗಿಸಿ ನಾವು ಒಂದು ಮಟ್ಟ ಇಟ್ಟಿರುತ್ತೇವೆ. ಅದಕ್ಕಿಂತ ಜಾಸ್ತಿ ಬೆಳಕು ಬಂದರೆ ಗಾಡಿ ಬಂತು ಅಂತ ಅದರ ಲೆಕ್ಕ. ಆದರೆ ಬಿಸಿಲಿನಲ್ಲೂ ಅದೇ ಐಆರ್ ಧಾರಾಳ ಉಂಟು. ಆ ಬೆಳಕು ಎಲ್ಲಿಂದ ಬಂತು ಅಂತ ಆ ಬಡಪಾಯಿಗೆ ಹೇಗೆ ಗೊತ್ತಾಗಬೇಕು? ಸೂರ್ಯನನ್ನೇ ಗೂಡ್ಸ್ ಗಾಡಿ ಅಂದುಕೊಂಡಿದೆ.

ನಾನು ಮಿಕ್ಸಿ ಅಂತ ಹಠ ಹಿಡಿದೆ. ನಮ್ಮದು ಆರ್‌ಸಿಸಿ ಫ್ಲಾಟು, ಗಾಜಿನ ಹಂಚು ತಲೆಗೇ ಬರಲಿಲ್ಲ.

ಕುಳಾಯಿ ಲೂಪ್‌ಲೈನ್ | ಜನವರಿ 26, ಮಧ್ಯಾಹ್ನ 12:40

ಇವತ್ತು ರಜೆ. ಬೆಳಿಗ್ಗೆ ಹತ್ತಕ್ಕೇ ಕೋಣೆಯಲ್ಲಿ ಸ್ಟೂಲ್ ಹಾಕಿ ಕೂತೆ.

ಹತ್ತು ಗಂಟೆಗೆ ಬಿಸಿಲಿನ ತುಂಡು ಪಶ್ಚಿಮದ ಗೋಡೆ ಬದಿಯಲ್ಲಿ ಇತ್ತು. ಒಂದು ಅಡಿ ಅಗಲ ಇರಬಹುದು. ನಾನು ಮುರಕಲ್ಲು ಗುಡ್ಡೆ ಮಾಡಿಟ್ಟಲ್ಲಿ ಮೊದಲು ಬಂತು, ಕೆಂಪು ಬಣ್ಣ ನಿಜದ ಪಾರೆಯ ಹಾಗೆ ಹೊಳೆಯಿತು. ಇಷ್ಟು ದಿನ ಇದನ್ನು ನೋಡಿ ಖುಷಿಪಟ್ಟಿದ್ದೇನೆ, ಫೋಟೋ ಕೂಡ ತೆಗೆದಿದ್ದೇನೆ! ಅಲ್ಲಿಂದ ಮೆಲ್ಲ ಪೂರ್ವಕ್ಕೆ ಸರಿಯಿತು. 10:34ಕ್ಕೆ ಅದರ ಅಂಚು 2ನೇ ಸೆನ್ಸರಿನ ತೂತಿಗೆ ತಾಗಿತು. ಮಾಡ್ಯೂಲಿನ ಹಸಿರು ದೀಪ ಫಕ್ಕನೆ ಹತ್ತಿತು. ಗಾಡಿ ಅರ್ಧ ಸುತ್ತು ಬಂದು, ವೇಗ ಇಳಿಸಿ, ನಿಂತಿತು.

ಅಮ್ಮನ ಕೊಡೆ ಬಿಡಿಸಿ ಮೇಲೆ ಹಿಡಿದೆ. ದೀಪ ಆರಿತು, ಗಾಡಿ ಹೊರಟಿತು. ಕೊಡೆ ತೆಗೆದೆ, ಮುಂದಿನ ಸುತ್ತಿನಲ್ಲಿ ನಿಂತಿತು. ಹಿಡಿದೆ, ಹೊರಟಿತು. ನಾಲ್ಕು ಸಲ ಮಾಡಿದೆ. ಅಷ್ಟರಲ್ಲಿ ಅಮ್ಮ ಬಾಗಿಲಿನಲ್ಲಿ ನಿಂತು ನೋಡುತ್ತಿದ್ದರು. ಮನೆಯೊಳಗೆ ಕೊಡೆ ಬಿಡಿಸಿ ರೈಲಿಗೆ ಹಿಡಿದವನನ್ನು ನೋಡಿ ಏನು ಹೇಳಬೇಕು ಅವರು? "ಅದಕ್ಕೂ ಬಿಸಿಲು ತಾಗುತ್ತದಾ?" ಅಂತ ಕೇಳಿ ಒಳಗೆ ಹೋದರು.

12 ಗಂಟೆ ಹೊತ್ತಿಗೆ ಬಿಸಿಲು ಮೂರು ಅಡಿ ಆಚೆಗೆ 3ನೇ ಸೆನ್ಸರಿಗೆ ಬಂತು. ಅದೂ ಆನ್. ಆ ಹೊತ್ತಿಗೆ ನಾನು ದಿನಾ ಊಟ ಮಾಡಿ ಶಿಫ್ಟಿಗೆ ಹೊರಡುವುದು, ಹಾಗಾಗಿ ಗೊತ್ತೇ ಆಗಿರಲಿಲ್ಲ.

ಕುಂದಾಪುರದವರೇ, ನಿಮ್ಮ ಅಜ್ಜಿಗೆ ನನ್ನ ಅಡ್ಡಬಿದ್ದ ನಮಸ್ಕಾರ.

57 ಸುರಂಗ | ಜನವರಿ 26, ಮಧ್ಯಾಹ್ನ 1:05

ನಿಮ್ಮದು ರೈಲಲ್ಲ ಸ್ವಾಮಿ, ಪಂಚಾಂಗ!

ಇವತ್ತು ಜನವರಿ 26 ಅಲ್ವಾ, ಕೊಂಕಣ ರೈಲ್ವೆಯ ಇಡೀ ದಾರಿಯಲ್ಲಿ ಗಾಡಿ ಓಡಿದ್ದು 1998ರ ಇದೇ ದಿನ. ಮಂಗಳೂರು ಉಡುಪಿ ತುಂಡು ಮಾತ್ರ ಅದಕ್ಕೂ ಮೊದಲು, 1993ರಲ್ಲೇ ಶುರುವಾಗಿತ್ತು. ನಿಮ್ಮ ಲೈನಿಗೂ ಇವತ್ತೇ ಉದ್ಘಾಟನೆ ಆಯಿತು ಅಂತ ಇಟ್ಟುಕೊಳ್ಳಿ.

ಐದು ವೋಲ್ಟ್ ಮಣಿಪಾಲ | ಜನವರಿ 26, ಸಂಜೆ 5:30

ಪಂಚಾಂಗ ಅಂದದ್ದು ಸುಳ್ಳಲ್ಲ. ಸಂಕ್ರಾಂತಿ ಕಳೆದ ಮೇಲೆ ಶುರುವಾಯಿತು ಅಂತ ಅಣ್ಣ ಮೊದಲ ದಿನವೇ ಬರೆದಿದ್ದರು. ಡಿಸೆಂಬರ್ ಕೊನೆಯಲ್ಲಿ ಸೂರ್ಯ ತೀರಾ ದಕ್ಷಿಣಕ್ಕೆ ಇರುತ್ತಾನೆ, ಬಿಸಿಲಿನ ತುಂಡು ಉತ್ತರಕ್ಕೆ ಬೀಳುತ್ತದೆ, ಅಂದರೆ ಸೆನ್ಸರ್ ದಾಟಿ ಆಚೆಗೆ. ಸೂರ್ಯ ವಾಪಸ್ ಬರುತ್ತಿದ್ದ ಹಾಗೆ ತುಂಡು ಮೆಲ್ಲ ದಕ್ಷಿಣಕ್ಕೆ ಸರಿದು ಸೆನ್ಸರಿನ ಮೇಲೆ ಬಂತು. ಇನ್ನು ಕೆಲವು ದಿನದಲ್ಲಿ ತಾನೇ ದಾಟಿ ಹೋಗುತ್ತದೆ. ನೀವು ಏನಾದರೂ ರಿಪೇರಿ ಮಾಡಿ, ಸರಿಯಾಯಿತು ಅಂತ ಮೋಸ ಹೋಗುತ್ತಿದ್ದಿರಿ. ಮತ್ತೆ ನವೆಂಬರ್ 20ರ ಸುಮಾರಿಗೆ ಅಲ್ಲಿಗೇ ಬರುತ್ತದೆ, ಆಗ ಗಡಿಯಾರದ ಪ್ರಕಾರ 25 ನಿಮಿಷ ಮೊದಲು, ಹತ್ತು ಗಂಟೆ ಹೊತ್ತಿಗೆ.

ಪಡೀಲ್ ಪಾಯಿಂಟ್ಸ್‌ಮನ್ | ಜನವರಿ 26, ರಾತ್ರಿ 8:20

ನಾನು ವಯರು ಅಂದೆ, ಮೇಡಂ ಮಿಕ್ಸಿ ಅಂದರು, ಕಂಡುಹಿಡಿದದ್ದು ಇನ್ನೂ ಒಂದು ಹಳಿ ಕೊಂಡುಕೊಳ್ಳದವರು. ಇರಲಿ.

ಆದರೆ ಒಂದು ನೋಡಿ. ನಿಮ್ಮ ಸೆನ್ಸರ್ ತಪ್ಪು ಮಾಡಿದಾಗ ಗಾಡಿ ನಿಂತಿತು. ಓಡಿ ಹೋಗಿ ಇನ್ನೊಂದಕ್ಕೆ ಗುದ್ದಲಿಲ್ಲ. ರೈಲಿನವರು 1872ರಿಂದ ಮಾಡಿಕೊಂಡು ಬಂದದ್ದು ಇದನ್ನೇ. ಆ ವರ್ಷ ಅಮೆರಿಕದ ವಿಲಿಯಂ ರಾಬಿನ್‌ಸನ್ ಅನ್ನುವವರು ಟ್ರ್ಯಾಕ್ ಸರ್ಕ್ಯೂಟ್ ಮಾಡಿದರು. ಹಳಿಯಲ್ಲಿ ಸಣ್ಣ ಕರೆಂಟು ಹರಿಯುತ್ತಾ ಇದ್ದರೆ ಮಾತ್ರ ಸಿಗ್ನಲ್ ಹಸಿರು. ಗಾಡಿ ಬಂದರೆ ಚಕ್ರ ಎರಡು ಹಳಿಯನ್ನು ಸೇರಿಸಿ ಆ ಕರೆಂಟು ತಪ್ಪಿಸುತ್ತದೆ, ಕೆಂಪು. ಹಳಿ ತುಂಡಾದರೂ ಕೆಂಪು, ಬ್ಯಾಟರಿ ಸತ್ತರೂ ಕೆಂಪು. ನಿಮ್ಮ ಪ್ರೋಗ್ರಾಮಿನಲ್ಲಿ ಸೆನ್ಸರ್ ವಯರು ಕಿತ್ತುಹೋದರೆ ಏನಾಗುತ್ತದೆ ಅಂತ ಒಮ್ಮೆ ಕಿತ್ತು ನೋಡಿ. ನನ್ನ ಅಂದಾಜು, ಗಾಡಿ ಓಡುತ್ತಲೇ ಇರುತ್ತದೆ. ಅದು ಬಿಸಿಲಿಗಿಂತ ದೊಡ್ಡ ತಪ್ಪು.

ಕುಳಾಯಿ ಲೂಪ್‌ಲೈನ್ | ಜನವರಿ 27, ರಾತ್ರಿ 12:15

ಕಿತ್ತು ನೋಡಿದೆ. ಓಡುತ್ತಲೇ ಇತ್ತು. ಲೂಪಿನಲ್ಲಿ ನಿಂತ ಗಾಡಿಯ ಹಿಂದೆ ಹೋಗಿ ಮೆಲ್ಲ ಮುತ್ತು ಕೊಟ್ಟಿತು.

ಈಗ ಏನು ಹಾಕಲಿ? ಗಾಜಿನ ಹಂಚು ತೆಗೆಯಲು ಅಮ್ಮ ಬಿಡುವುದಿಲ್ಲ.

ಐದು ವೋಲ್ಟ್ ಮಣಿಪಾಲ | ಜನವರಿ 27, ಬೆಳಿಗ್ಗೆ 8:10

ಅಗ್ಗದ ದಾರಿ ಅಯಸ್ಕಾಂತ ಹತ್ತಿರ ಬಂದರೆ ಗುರುತಿಸುವ ಹಾಲ್ ಸೆನ್ಸರ್. ಎ3144 ಅಂತ ಕೇಳಿ. ಎಂಜಿನ್ನಿನ ಅಡಿಗೆ ಮೂರು ಮಿ.ಮೀ. ನಿಯೋಡಿಮಿಯಂ ಅಯಸ್ಕಾಂತ ಅಂಟಿಸಿ, ಸೆನ್ಸರ್ ಹಳಿ ನಡುವೆ. ಬಿಸಿಲು, ಧೂಳು ಯಾವುದೂ ತಾಗುವುದಿಲ್ಲ. ಅಯಸ್ಕಾಂತದ ಒಂದು ಮುಖಕ್ಕೆ ಮಾತ್ರ ಸ್ಪಂದಿಸುತ್ತದೆ, ಅಂಟಿಸುವ ಮೊದಲು ತಿರುಗಿಸಿ ನೋಡಿ. ಔಟ್‌ಪುಟ್ಟಿಗೆ ಪುಲ್‌ಅಪ್ ರೆಸಿಸ್ಟರ್ ಬೇಕು, ಆರ್ಡುಯಿನೋ ಒಳಗಿನದು ಸಾಕು.

ಐಆರ್‌ನಲ್ಲೇ ಇರಬೇಕಾದರೆ ಟಿವಿ ರಿಮೋಟಿನ ರಿಸೀವರ್ ಹಾಕಿ, ಟಿಎಸ್‌ಒಪಿ1738. ಅದು ಸೆಕೆಂಡಿಗೆ 38,000 ಸಲ ಮಿನುಗುವ ಬೆಳಕನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಆದರೆ ಒಂದೇ ಸಮ ಮಿನುಗಿಸಿದರೆ ಸ್ವಲ್ಪ ಹೊತ್ತಿನಲ್ಲಿ ಕಿವುಡಾಗುತ್ತದೆ. ಬಿಟ್ಟು ಬಿಟ್ಟು ಕೊಡಬೇಕು.

ಪಡೀಲ್ ಪಾಯಿಂಟ್ಸ್‌ಮನ್ | ಜನವರಿ 27, ಮಧ್ಯಾಹ್ನ 2:00

ಹಾಲ್ ಸೆನ್ಸರ್ ಗಾಡಿ ದಾಟಿತು ಅಂತ ಹೇಳುತ್ತದೆ. ಗಾಡಿ ನಿಂತಿದೆ ಅಂತ ಹೇಳುವುದಿಲ್ಲ. ಕೊನೆಯ ಬೋಗಿ ಕಳಚಿ ಹಿಂದೆ ಉಳಿದರೆ ಅದಕ್ಕೆ ಗೊತ್ತೇ ಆಗದು. ಕರೆಂಟ್ ನೋಡುವ ಡಿಟೆಕ್ಟರ್ ಮಾಡಿ. ಬ್ಲಾಕಿಗೆ ಹೋಗುವ ವಯರಿನಲ್ಲಿ ಡಯೋಡ್, ಅದಕ್ಕೊಂದು ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಆಪ್ಟೋಕಪ್ಲರ್. ಬೋಗಿಯ ಒಂದು ಆಕ್ಸಲ್‌ನ ಎರಡು ಚಕ್ರದ ನಡುವೆ 10 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ ಕಳಚಿದ ಬೋಗಿಯೂ ಕಾಣುತ್ತದೆ. ಕೆಲಸ ಜಾಸ್ತಿ, ಒಪ್ಪುತ್ತೇನೆ.

ಹ್ವಾಯ್ ಕುಂದಾಪ್ರ | ಜನವರಿ 27, ಸಂಜೆ 6:45

ನನ್ನದೊಂದು ಕಾಣಿ. ಮಳೆಗಾಲದಲ್ಲಿ ಇದೆಲ್ಲ ಉಳಿಯುತ್ತದಾ? ನಮ್ಮಲ್ಲಿ ಆಟಿ ತಿಂಗಳಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ.

ಕುಳಾಯಿ ಲೂಪ್‌ಲೈನ್ | ಜನವರಿ 28, ರಾತ್ರಿ 12:10

ಉಳಿಯುತ್ತದೆ, ಆದರೆ ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಮಾತ್ರ ಬೇಡ. ನನ್ನ ಮೊದಲ ಬೋರ್ಡು ಎಂಡಿಎಫ್. ಜುಲೈಯಲ್ಲಿ ಅಂಚು ಇಡ್ಲಿ ಹಾಗೆ ಉಬ್ಬಿತು. ಐಎಸ್ 710 ಅಂತ ಗುರುತಿರುವ ಮರೈನ್ ಪ್ಲೈವುಡ್ ತೆಗೆದುಕೊಳ್ಳಿ. ಕಾಲಿನ ಅಡಿಗೆ ತಟ್ಟೆ ಇಟ್ಟು ಸೀಮೆಎಣ್ಣೆ ಹಾಕಿ, ಒರಲೆ ಹತ್ತುವುದಿಲ್ಲ. ಹಳಿ ನಿಕಲ್ ಸಿಲ್ವರ್ ಆಗಿರಲಿ. ಹೆಸರಿನಲ್ಲಿ ಬೆಳ್ಳಿ, ಒಳಗೆ ತಾಮ್ರ, ನಿಕಲ್, ಸತು ಮಾತ್ರ. ಹಳೇ ಸ್ಟೀಲ್ ಹಳಿ ಒಂದೇ ಮಳೆಗೆ ತುಕ್ಕು. ಒರೆಸಲಿಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್, ಬಟ್ಟೆ. ಉಪ್ಪು ಕಾಗದ ಹಾಕಿ ಉಜ್ಜಬೇಡಿ, ಗೀರು ಬಿದ್ದಲ್ಲಿ ಕೊಳೆ ಕೂತುಕೊಳ್ಳುತ್ತದೆ.

ವಿದೇಶದಿಂದ ತರಿಸುವುದಿದ್ದರೆ ಕಸ್ಟಮ್ಸ್ ಸುಂಕ ಮೊದಲು ವಿಚಾರಿಸಿ. ಆಟಿಕೆಗಳ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಹೋಗಿತ್ತು. ನಮ್ಮದೂ ಅದೇ ಪಟ್ಟಿಯಲ್ಲಿ ಬರುತ್ತದೆ.

ಕುಳಾಯಿ ಲೂಪ್‌ಲೈನ್ | ಫೆಬ್ರವರಿ 1, ಬೆಳಿಗ್ಗೆ 11:20

ಇಬ್ಬರ ಮಾತೂ ಕೇಳಿದೆ. ಮೇನ್ ಲೈನಿಗೆ ಹಾಲ್ ಸೆನ್ಸರ್, ಲೂಪಿಗೆ ಪಡೀಲ್ ಸರ್ ಹೇಳಿದ ಡಯೋಡ್. ಲೂಪಿನಲ್ಲೇ ಅಲ್ವಾ ಗಾಡಿ ನಿಲ್ಲುವುದು. ಬೋಗಿಗಳಿಗೆ ರೆಸಿಸ್ಟರ್ ಇನ್ನೂ ಹಾಕಿಲ್ಲ, ಕನ್ನಡಕ ಬದಲಿಸಿ ಹಾಕಬೇಕು. ಸೆನ್ಸರ್ ದಾಟಿದ ಸುದ್ದಿ ಒಂದು ಸುತ್ತಿನ ಹೊತ್ತಿನೊಳಗೆ ಬರದಿದ್ದರೆ ಎಲ್ಲ ಗಾಡಿ ನಿಲ್ಲುವ ಹಾಗೆ ಪ್ರೋಗ್ರಾಮ್ ಬದಲಿಸಿದೆ. ವಯರು ಕಿತ್ತೆ, ನಿಂತಿತು.

ಹಳೇ ಐಆರ್ ತೂತು ಮುಚ್ಚಲಿಲ್ಲ, ಹಾಗೇ ಉಂಟು. ಇವತ್ತು ಹತ್ತೂವರೆಗೆ ಬಿಸಿಲು ಅದರ ಮೇಲೆ ಬಂತು. ನಾನು, ಅಮ್ಮ ಇಬ್ಬರೂ ನಿಂತು ನೋಡಿದೆವು. ಗಾಡಿ ಬಿಸಿಲಿನ ತುಂಡಿನೊಳಗೆ ಹೋಯಿತು, ಮೂರು ಬೋಗಿಯ ಕಿಟಕಿ ಒಂದೊಂದೇ ಹೊಳೆಯಿತು, ಆಚೆ ಬದಿಯಿಂದ ಹೊರಗೆ ಬಂತು.

"ಇವತ್ತು ಚಾ ಇಲ್ವಾ?" ಅಂತ ಅಮ್ಮ ಕೇಳಿದರು. ರೈಲಿಗೋ ನನಗೋ ಅಂತ ಗೊತ್ತಾಗಲಿಲ್ಲ.

ಹ್ವಾಯ್ ಕುಂದಾಪ್ರ | ಫೆಬ್ರವರಿ 1, ಮಧ್ಯಾಹ್ನ 12:30

ನಿನ್ನೆ ಪ್ಲೈವುಡ್ ತಂದೆ. ಐಎಸ್ 710 ಗುರುತು ನೋಡಿಯೇ ತಂದದ್ದು. ಈಗ ಸಮಸ್ಯೆ ಎಂಥ ಗೊತ್ತಾ, 8 ಅಡಿ ಶೀಟು ಮೆಟ್ಟಿಲಿನ ತಿರುವಿನಲ್ಲಿ ಹೋಗುವುದಿಲ್ಲ. ಅರ್ಧಕ್ಕೆ ಕೊಯ್ಯಿಸಿದರೆ ಹಳಿ ಜೋಡಿಸುವುದು ಹೇಗೆ? ಹೊಸ ಚರ್ಚೆ ಶುರು ಮಾಡಲಾ, ಇಲ್ಲೇ ಕೇಳಲಾ?